ಮುತ್ತುಗಕ್ಕೆ ಪಂಚಾಂಗ ಗೊತ್ತಿಲ್ಲ

ಹೂ ನೋಡಲು ಹೊರಡುವವರು ಮೊದಲು ಮಳೆಯ ಲೆಕ್ಕ ಹಾಕಬೇಕು. ವಸಂತ, ಕಾಡುಹೂ, ಕಾರು ಪ್ರವಾಸ ಅಂದ ಕೂಡಲೇ ಈಗ ಎಲ್ಲರ ಕಣ್ಣಿಗೂ ಕಟ್ಟುವುದು ಮೊಬೈಲಿನಲ್ಲಿ ನೋಡಿದ ಒಂದೇ ಚಿತ್ರ: ಗುಡ್ಡಕ್ಕೆ ಗುಡ್ಡವೇ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ನಡುವೆ ಒಂದು ಕಾಲುದಾರಿ, ದಾರಿಯಲ್ಲಿ ಎರಡೂ ಕೈ ಚಾಚಿ ನಿಂತ ಪ್ರವಾಸಿ. ಅದು ಕ್ಯಾಲಿಫೋರ್ನಿಯದ ಚಿತ್ರ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ನೆಲದೊಳಗಿನ ಬೀಜ ಆ ನೀರು ಕುಡಿದು ಮೊಳೆತು, ಮಾರ್ಚ್ ಹೊತ್ತಿಗೆ ಅರಳಿ, ಬೇಸಿಗೆ ಏರುವ ಮೊದಲೇ ಮತ್ತೆ ಬೀಜ ಉದುರಿಸಿ ಗಿಡ ಸಾಯುತ್ತದೆ. 2019ರ ಮಾರ್ಚ್‌ನಲ್ಲಿ ಲೇಕ್ ಎಲ್ಸಿನೋರ್ ಎಂಬ ಊರಿನ ಪಕ್ಕದ ವಾಕರ್ ಕಣಿವೆಯಲ್ಲಿ ಗಸಗಸೆ ಜಾತಿಯ ಹೂ ಹೀಗೆ ಒಮ್ಮೆಲೇ ಅರಳಿದಾಗ ಜನ ಎಷ್ಟು ಮುಗಿಬಿದ್ದರೆಂದರೆ ಊರಿನ ಆಡಳಿತ ಕೆಲಕಾಲ ದಾರಿಯನ್ನೇ ಮುಚ್ಚಬೇಕಾಯಿತು.

ನಮ್ಮ ಬೀದರ್ ಸೀಮೆಯ ಮಳೆ ಮೃಗಶಿರಾದಿಂದ ಚಿತ್ತಾ ತನಕ. ಹಾಗಾಗಿ ನೆಲದ ಹೂವಿನ ಕಾಲ ಭಾದ್ರಪದ, ಆಶ್ವೀಜ. ಫಾಲ್ಗುಣದಲ್ಲಿ ಹುಮನಾಬಾದ್, ಬಸವಕಲ್ಯಾಣದ ಕಡೆ ಬಂದು ಕ್ಯಾಲಿಫೋರ್ನಿಯದ ಕಣ್ಣಿನಿಂದ ನೆಲ ನೋಡಿದರೆ ಕಾಣುವುದು ಬಿರುಕು ಬಿಟ್ಟ ಎರೆ, ಜೋಳ ಕೊಯ್ದ ಕೂಳೆ, ಒಣಗಿ ಬೂದಿಬಣ್ಣಕ್ಕೆ ತಿರುಗಿದ ಹುಲ್ಲು. ‘ಇಲ್ಲೇನೂ ಇಲ್ಲ’ ಎಂದು ಬಂದವರು ಕೋಟೆ ನೋಡಿ, ಅನುಭವ ಮಂಟಪಕ್ಕೆ ಕೈಮುಗಿದು ವಾಪಸಾಗುತ್ತಾರೆ. ತಲೆ ಎತ್ತಿದ್ದರೆ ಬೇರೆ ಮಾತು ಆಡುತ್ತಿದ್ದರು. ಈ ಸೀಮೆಯ ವಸಂತ ಮರದ ಮೇಲಿರುತ್ತದೆ.

ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗಾಯರಾಣ ಭೂಮಿಯಲ್ಲಿ ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ನಿಂತಿರುವ ಮರ ಮುತ್ತುಗ. ಸೊಟ್ಟ ಕಾಂಡ, ಒರಟು ತೊಗಟೆ, ತೊಟ್ಟಿಗೆ ಮೂರರಂತೆ ಅಗಲ ಎಲೆ. ಎಮ್ಮೆಯನ್ನು ಬಿಟ್ಟರೆ ದನಗಳು ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಕಡಿದರೂ ಬೇರಿನಿಂದ ಮತ್ತೆ ಚಿಗುರುತ್ತದೆ. ನೀರು ನಿಲ್ಲುವ ಎರೆಯಲ್ಲೂ, ಸವುಳು ನೆಲದಲ್ಲೂ ಬದುಕುತ್ತದೆ. ನೆಲ ನೇಗಿಲಿಗೆ ಬಾರದ ಕಡೆಯೆಲ್ಲ ಅದು ಉಳಿದುಕೊಂಡಿರುವುದು ಈ ಹಟದಿಂದಲೇ. ಒಂದು ಕಾಲಕ್ಕೆ ಮದುವೆ, ಜಾತ್ರೆ, ತಿಥಿ ಯಾವುದೇ ಇರಲಿ, ಊಟಕ್ಕೆ ಅದರ ಎಲೆಯ ಪತ್ರಾವಳಿ ಬೇಕಿತ್ತು. ಪ್ಲಾಸ್ಟಿಕ್ ಹಾಳೆ ಬಳಿದ ಕಾಗದದ ತಟ್ಟೆ ಬಂದ ಮೇಲೆ ಆ ಸಂಬಂಧ ತಪ್ಪಿತು. ಈಗ ಮರದ ನೆನಪಾಗುವುದು ಹೂವಾದಾಗ ಮಾತ್ರ.

ಹೂವಾಗುವ ರೀತಿ ಸ್ವಲ್ಪ ವಿಚಿತ್ರ. ತಿಂಗಳುಗಟ್ಟಲೆ ಮಳೆ ಸರಿಯಾಗಿ ಬಿದ್ದಿಲ್ಲ, ನೆಲ ಒಣಗಿದೆ, ಬಿಸಿಲು ಏರುತ್ತಿದೆ; ಇಂಥ ಹೊತ್ತಿನಲ್ಲಿ ಮರ ಇಷ್ಟೊಂದು ಹೂ ಬಿಡುವ ಶಕ್ತಿ ಎಲ್ಲಿಂದ ತರುತ್ತದೆ? ಉತ್ತರ ಉದುರಿದ ಎಲೆಗಳಲ್ಲಿದೆ. ಮರ ನೀರು ಕಳೆದುಕೊಳ್ಳುವುದು ಮುಖ್ಯವಾಗಿ ಎಲೆಯ ಮೂಲಕ. ಚಳಿಗಾಲದ ಕೊನೆಗೆ ಎಲೆ ಉದುರಿಸಿದ ಮೇಲೆ ಆ ಸೋರಿಕೆ ನಿಲ್ಲುತ್ತದೆ. ಆಳದ ಬೇರು ಎಳೆದುಕೊಟ್ಟ ಅಷ್ಟಿಷ್ಟು ನೀರು ಕಾಂಡ, ಕೊಂಬೆಗಳಲ್ಲಿ ತುಂಬಿಕೊಳ್ಳುತ್ತದೆ. ಆ ನೀರಿನ ಬಲದಿಂದ ಮೊಗ್ಗು ಊದುತ್ತದೆ. ಎಲೆಯಿಲ್ಲದ ಕೊಂಬೆಯ ಮೇಲೆ ಹೂ ಬಿಡುವುದರಿಂದ ಇನ್ನೊಂದು ಲಾಭವೂ ಇದೆ. ದೂರದಿಂದಲೇ ಹಕ್ಕಿಗೆ ಕಾಣುತ್ತದೆ. ಮುತ್ತುಗಕ್ಕೆ ವಾಸನೆ ಇಲ್ಲ, ಅದು ಕರೆಯುವುದು ಬಣ್ಣದಿಂದ, ಉಣಿಸುವುದು ಮಕರಂದದಿಂದ. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಎಸಳಿನೊಳಗೆ ಸೂರಕ್ಕಿ, ಗೊರವಂಕ, ಪಿಕಳಾರ ಮುಖ ತೂರಿಸಿ ಹಣೆಗೆ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಹಾರುತ್ತವೆ. ಅಳಿಲೂ ಈ ಕೆಲಸಕ್ಕೆ ಕೈ ಹಾಕುತ್ತದೆ. ನಿಜವಾದ ಗಿಳಿಗಳು ಮಾತ್ರ ಹೂವನ್ನೇ ಕಿತ್ತು ಬುಡ ಕಚ್ಚಿ ಎಸೆಯುತ್ತವೆ; ಅವುಗಳಿಂದ ಮರಕ್ಕೆ ಉಪಯೋಗ ಕಡಿಮೆ. ಹೂ ಮುಗಿದ ಮೇಲೆ ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಒಂದು ಬೀಜ. ಬೇಸಿಗೆಯ ಗಾಳಿಗೆ ಅದು ಹಾರಿ ಬೀಳುವ ಹೊತ್ತಿಗೆ ಮೃಗಶಿರಾ ಮಳೆ ಬಾಗಿಲಲ್ಲಿರುತ್ತದೆ. ಇಡೀ ಏರ್ಪಾಡು ಮುಂದೆ ಬರುವ ಮಳೆಯನ್ನು ನಂಬಿ ಮಾಡಿದ್ದು.

ಒಂದು ಎಚ್ಚರಿಕೆ. ಮುತ್ತುಗ ಎಂದು ಗುಲ್‌ಮೊಹರ್ ತೋರಿಸುವವರು ಬಹಳ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ, ಅದು ಕೆಂಪಾಗುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ, ಅದೂ ಹೆಚ್ಚಾಗಿ ಶಾಲೆ, ಕಚೇರಿ, ಪ್ರವಾಸಿ ಮಂದಿರಗಳ ಕಾಂಪೌಂಡಿನಲ್ಲಿ. ಮುತ್ತುಗ ಯಾರೂ ನೆಡದೆ ಬೆಳೆದದ್ದು.

ಇನ್ನು ದಿನಾಂಕದ ಪ್ರಶ್ನೆ. ಇಲ್ಲಿ ಯಾರನ್ನು ಕೇಳಿದರೂ ‘ಹೋಳಿ ಹುಣ್ಣಿಮಿಗಿ ಬರ್ರಿ’ ಎನ್ನುತ್ತಾರೆ. ಹಳೆಯ ಲೆಕ್ಕ ಅದು. ಮುತ್ತುಗದ ಹೂ ಕುದಿಸಿ ತೆಗೆದ ಕೇಸರಿ ಬಣ್ಣವೇ ಹೋಳಿಯ ಬಣ್ಣವಾಗಿದ್ದ ಕಾಲದ ಮಾತು. ತಪ್ಪೇನಲ್ಲ, ಆದರೆ ರಜೆ ಹಾಕಿ, ರೂಮು ಹಿಡಿದು ಬರುವವರಿಗೆ ಇಷ್ಟು ಸಡಿಲ ಲೆಕ್ಕ ಸಾಲದು. ನಮ್ಮ ಹಬ್ಬಗಳು ಚಂದ್ರನ ಹಿಂದೆ ಹೋಗುತ್ತವೆ, ಮರ ಹೋಗುವುದು ಸೂರ್ಯನ ಹಿಂದೆ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಅಧಿಕ ಮಾಸ ಸೇರಿದರೆ 2027ರಲ್ಲಿ ಮತ್ತೆ ಏಪ್ರಿಲ್ 7. ಇಪ್ಪತ್ತು ದಿನ ಹಿಂದೆ ಮುಂದೆ ಓಡಾಡುವ ಹಬ್ಬದ ಜೊತೆ ಮರ ಓಡಾಡುವುದಿಲ್ಲ. ಏಪ್ರಿಲ್‌ನಲ್ಲಿ ಯುಗಾದಿ ಬಂದ ವರ್ಷ ‘ವಸಂತ ಈಗ ಶುರು’ ಎಂದು ಹೊರಟರೆ ಮುತ್ತುಗದ ಕೊಂಬೆಯಲ್ಲಿ ಕಾಯಿ ನೋಡಬೇಕಾಗುತ್ತದೆ.

ಆದ್ದರಿಂದ ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರನ್ನೇ ನೋಡಿ. ಫೆಬ್ರುವರಿ ಎರಡನೇ ಅರ್ಧದಿಂದ ಮಾರ್ಚ್ ಮೂರನೇ ವಾರದ ತನಕ ಮುತ್ತುಗದ ಕಾಲ. ಅದರೊಳಗೂ ವರ್ಷದಿಂದ ವರ್ಷಕ್ಕೆ ವಾರ, ಹತ್ತು ದಿನ ಆಚೀಚೆ ಆಗುತ್ತದೆ. ಹಿಂಗಾರಿ ಮಳೆ ಎಷ್ಟಾಯಿತು, ಚಳಿ ಯಾವಾಗ ಬಿಟ್ಟಿತು ಎಂಬುದರ ಮೇಲೆ ಅದು ನಿಂತಿದೆ. ಅದನ್ನು ತಿಳಿಯಲು ಅಂತರ್ಜಾಲ ಬೇಡ. ಆ ಕಡೆಯ ಒಬ್ಬ ಪರಿಚಿತರಿಗೆ ಫೋನ್ ಮಾಡಿ, ‘ಅಣ್ಣಾ, ಮುತ್ತಲ ಮೊಗ್ಗು ಬಿಟ್ಟಾವೇನ್ರಿ?’ ಎಂದು ಕೇಳಿದರೆ ಸಾಕು. ಕರೀ ಮೊಗ್ಗು ಕಂಡ ಮೇಲೆ ಮರ ಪೂರ್ತಿ ಅರಳಲು ಹೆಚ್ಚು ದಿನ ಹಿಡಿಯುವುದಿಲ್ಲ.

ಮುತ್ತುಗ ಒಂದನ್ನೇ ನಂಬಿ ಬರಬೇಕಾಗಿಯೂ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ ಮುಳ್ಳು ಕಾಂಡದ ಕೆಂಪು ಬೂರುಗ ಅರಳಿರುತ್ತದೆ; ಅದರ ದಪ್ಪ ಹೂ ಬೆಳಗಿನ ಜಾವ ನೆಲಕ್ಕೆ ಬಿದ್ದರೆ ಸಪ್ಪಳ ಕೇಳುತ್ತದೆ. ಮಾರ್ಚ್ ನಡುವಿನಿಂದ ಹೊಂಗೆ ಹೊಸ ಎಲೆಯ ಜೊತೆ ಹೂ ಬಿಡುತ್ತದೆ, ಬೇವು ಸಂಜೆ ಹೊತ್ತು ಘಮಘಮಿಸುತ್ತದೆ. ಆ ಬೇವಿನ ಹೂವೇ ಯುಗಾದಿಯ ದಿನ ಹುಣಸೆ, ಬೆಲ್ಲ, ಮಾವು, ಪುಠಾಣಿಯ ಜೊತೆ ಸೇರಿ ನಮ್ಮ ಕಡೆ ಕುಡಿಯುವ ಬೇವಾಗುತ್ತದೆ. ದಕ್ಷಿಣದವರ ಹಾಗೆ ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವಿಚುವ ಪದ್ಧತಿ ಇಲ್ಲ, ಇಲ್ಲಿ ಲೋಟಗಟ್ಟಲೆ. ಏಪ್ರಿಲ್ ಕೊನೆಗೆ ಕಕ್ಕೆಯ ಹಳದಿ ಗೊಂಚಲು. ಅದು ಚೆಂದ, ನಿಜ. ಆದರೆ ಆ ಬಿಸಿಲಿನಲ್ಲಿ ಊರವರೇ ಹೊರಗೆ ಬರುವುದಿಲ್ಲ, ನಿಮ್ಮನ್ನು ಕರೆಯಲು ನನಗೆ ಧೈರ್ಯವಿಲ್ಲ.

ಹೊಲದ ಹೂ ಬೇಕೆನ್ನುವವರು ಇನ್ನೂ ಮುಂಚೆ, ಜನವರಿಯಲ್ಲಿ ಬರಬೇಕು. ಎಳ್ಳ ಅಮಾವಾಸ್ಯೆಯ ಆಸುಪಾಸು ಅಗಸೆಯ ನೀಲಿ, ಆಮೇಲೆ ಕುಸುಬೆಯ ಕಿತ್ತಳೆ. ಮುಳ್ಳಿನ ಕುಸುಬೆ ಮೊದಲು ಜೋಳ, ಕಡಲೆ ಹೊಲದ ಅಂಚಿಗೆ ಬೇಲಿಯಾಗಿಯೂ, ಮನೆಯ ಎಣ್ಣೆಗಾಗಿಯೂ ಇರುತ್ತಿತ್ತು. ಸೋಯಾ, ಕಬ್ಬು ಹೊಲ ಹಿಡಿದ ಮೇಲೆ ಅದರ ಪಟ್ಟಿ ಕಿರಿದಾಗಿದೆ. ಜನವರಿಯಲ್ಲಿ ಬಂದರೆ ಹೂವಿಗಿಂತ ಸೀತನಿ, ಹಸಿ ಕಡಲೆಯ ಸುಲಗಾಯಿಯೇ ಹೆಚ್ಚು ನೆನಪಿರುತ್ತದೆ ಎಂಬುದು ಬೇರೆ ಮಾತು.

ಈಗ ದಾರಿ. ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 65 ಸಿಗುತ್ತದೆ. ಕಲಬುರಗಿ, ಬೀದರ್ ಕಡೆಯಿಂದ ಬರುವವರಿಗೆ ಹೆದ್ದಾರಿ 50. ಎರಡೂ ಹುಮನಾಬಾದಿನಲ್ಲಿ ಕೂಡುತ್ತವೆ. ರೈಲಿನಲ್ಲಿ ಬಂದು ಇಲ್ಲಿ ಕಾರು ಹಿಡಿಯುವ ದಾರಿಯೂ ಇದೆ. ದಶಕಗಟ್ಟಲೆ ಕಾದ ಮೇಲೆ ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್‌ನಲ್ಲಿ ತೆರೆಯಿತು, ಹುಮನಾಬಾದ್ ಅದರ ಮೇಲಿನ ನಿಲ್ದಾಣ. ಹೆದ್ದಾರಿ 65 ನಾಲ್ಕು ಪಥದ್ದು, ಸಲೀಸು, ಹೂ ನೋಡುವುದಕ್ಕೆ ಮಾತ್ರ ನಿರುಪಯೋಗಿ. ನಡುವಿನ ವಿಭಜಕದಲ್ಲಿ ಕಣಗಿಲೆ, ಕಾಗದದ ಹೂ ನೆಟ್ಟಿರುತ್ತಾರೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಮುತ್ತುಗವೂ ಒಂದೇ, ಟ್ರ್ಯಾಕ್ಟರ್ ಜಾಹೀರಾತಿನ ಫಲಕವೂ ಒಂದೇ. ಹೂವಿನ ಪ್ರವಾಸ ಶುರುವಾಗುವುದು ಹೆದ್ದಾರಿ ಬಿಟ್ಟ ಮೇಲೆ.

ಕಲಬುರಗಿಯಿಂದ ಬರುವ ದಾರಿಯನ್ನೇ ನಾನು ಹೇಳುವುದು. ಮೊದಲು ಕಮಲಾಪುರ ಸಿಗುತ್ತದೆ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ರಸ್ತೆ ಬದಿ ಸಿಕ್ಕರೆ ಚೌಕಾಶಿ ಮಾಡದೆ ಕೊಳ್ಳಿ. ಅದಾದ ಮೇಲೆ ನೆಲ ಏಳುತ್ತದೆ, ಗುಡ್ಡದ ಇಳಿಜಾರಿನಲ್ಲಿ ಮರ ಹೆಚ್ಚುತ್ತವೆ, ಮಣ್ಣಿನ ಬಣ್ಣ ಬದಲಾಗುತ್ತದೆ. ಬೀದರ್–ಹುಮನಾಬಾದ್ ಎತ್ತರದ ಬೆನ್ನು ಜಂಬಿಟ್ಟಿಗೆಯದು, ಕೆಂಪು; ಬಸವಕಲ್ಯಾಣದ ಕಡೆ ಇಳಿದರೆ ಕಪ್ಪು ಎರೆ. ಒಂದೇ ದಿನದಲ್ಲಿ ಎರಡು ನೆಲ ನೋಡಬಹುದು. ಎರೆಯ ಹೊಲಗಳಲ್ಲಿ ಬದುವಿಗೊಂದು ಒಂಟಿ ಮರ, ಇಳಿಜಾರಿನಲ್ಲಿ ಗುಂಪು ಗುಂಪು.

ದಿನದ ಹೊತ್ತನ್ನು ಭಾಗ ಮಾಡಿಕೊಳ್ಳದಿದ್ದರೆ ಈ ಪ್ರವಾಸ ಕೆಡುತ್ತದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರ ತನಕ ಮರ. ಹಕ್ಕಿಗಳ ಗಲಾಟೆ ಆಗಲೇ. ಹತ್ತರ ಮೇಲೆ ಊರು. ಮಾರ್ಚ್ ನಡುವಿನ ಮಧ್ಯಾಹ್ನ ಉಷ್ಣತೆ 35 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ, ಆ ಹೊತ್ತಿಗೆ ಗುಡಿಯ ಕಲ್ಲಿನ ತಂಪು, ಖಾನಾವಳಿಯ ಜೋಳದ ರೊಟ್ಟಿ, ಪುಂಡಿ ಪಲ್ಯ, ಆಮೇಲೆ ಒಂದು ನಿದ್ದೆ. ನಾಲ್ಕೂವರೆ ಮೇಲೆ ಮತ್ತೆ ದಾರಿ. ಈ ಕ್ರಮದಿಂದಾಗಿ ಸಣ್ಣ ಊರುಗಳು ತಾವಾಗಿಯೇ ಪ್ರವಾಸದೊಳಕ್ಕೆ ಬರುತ್ತವೆ. ಪಟ್ಟಿ ಮಾಡಿ ಗುರುತು ಹಾಕಿಕೊಂಡು ಓಡಬೇಕಾಗಿಲ್ಲ.

ಹುಮನಾಬಾದಿನಲ್ಲಿ ಮೊದಲ ರಾತ್ರಿ. 1725ರಲ್ಲಿ ರಾಜಾ ರಾಮಚಂದ್ರ ಜಾಧವ ಕಟ್ಟಿಸಿದ ವೀರಭದ್ರೇಶ್ವರನ ಗುಡಿ ಊರಿನ ಹೃದಯ. ಜಾತ್ರೆ ಜನವರಿಯಲ್ಲೇ ಮುಗಿದಿರುವುದರಿಂದ ಮಾರ್ಚ್‌ನಲ್ಲಿ ನೂಕುನುಗ್ಗಲಿಲ್ಲ. ಊರಾಚೆ ಮಾಣಿಕನಗರ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆನಿಂತು 1865ರಲ್ಲಿ ಸಮಾಧಿಯಾದ ಜಾಗ. ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯ ಅವರದು. ಮರಾಠಿ, ಕನ್ನಡ, ಉರ್ದು ಎಂದು ಭೇದವೆಣಿಸದೆ ಪದ ಕಟ್ಟಿದವರು; ಈ ಗಡಿನಾಡಿನಲ್ಲಿ ಅದು ಆಶ್ಚರ್ಯವೂ ಅಲ್ಲ. ಸಂಜೆಯ ಹೊತ್ತು ಅಲ್ಲಿ ಕಳೆಯುವುದಕ್ಕೆ ತಕ್ಕುದು.

ಮರುದಿನ ಬೆಳಗಿನ ಜಾವ ಬೀದರ್ ದಾರಿ ಹಿಡಿದು ಜಲಸಂಗಿಗೆ ಹೋಗಿ. ಹುಮನಾಬಾದಿನಿಂದ ಹತ್ತು ಕಿಲೋಮೀಟರ್ ಆಸುಪಾಸು. ನನ್ನ ಕೇಳಿದರೆ ಇಡೀ ಪ್ರವಾಸದಲ್ಲಿ ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಕಲ್ಮೇಶ್ವರ ಗುಡಿಯ ಹೊರಗೋಡೆಯ ಸುತ್ತ ಮದನಿಕೆಯರು ನಿಂತಿದ್ದಾರೆ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದ ಕೆಲಸ, ಅಂದರೆ ಬೇಲೂರಿನ ಮದನಿಕೆಯರು ರೂಪುಗೊಳ್ಳುವ ಹೊತ್ತಿಗೆ ಇಲ್ಲಿ ಈ ಕಲೆ ಕೈಗೂಡಿತ್ತು. ಅವರಲ್ಲಿ ಒಬ್ಬಳು ಬೆನ್ನು ಬಾಗಿಸಿ ಫಲಕದ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಬರೆದಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಾಲು, ಈಗಲೂ ಓದಬಹುದು. ದೊರೆಯ ಶಾಸನವನ್ನು ಹೆಣ್ಣೊಬ್ಬಳ ಕೈಯಿಂದ ಬರೆಸುವ ಯೋಚನೆ ಆ ಶಿಲ್ಪಿಗೆ ಹೇಗೆ ಬಂತೋ! ಏರುಬಿಸಿಲಿನಲ್ಲಿ ಉಬ್ಬು ತಗ್ಗು ಕಾಣುವುದಿಲ್ಲ, ಓರೆ ಬೆಳಕು ಬೇಕು. ಆದ್ದರಿಂದಲೇ ಬೆಳಗಿನ ಜಾವ ಎಂದದ್ದು.

ಇದೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷದ ಎಣಿಕೆ ಬಿಟ್ಟು ಚಾಲುಕ್ಯ ವಿಕ್ರಮ ವರ್ಷ ಎಂಬ ತನ್ನದೇ ಶಕೆ ಶುರುಮಾಡಿದ. ಐವತ್ತು ವರ್ಷ ಆಳಿದ, ಶಾಸನಗಳೆಲ್ಲ ಆ ಲೆಕ್ಕದಲ್ಲೇ ನಡೆದವು. ಅವನ ರಾಜಧಾನಿಯ ಸುತ್ತಲಿನ ಮುತ್ತುಗಗಳು ಆಗಲೂ ಫೆಬ್ರುವರಿ ಕೊನೆಯಲ್ಲೇ ಹೂ ಬಿಟ್ಟಿರಬೇಕು.

ಆ ರಾಜಧಾನಿಗೆ, ಅಂದರೆ ಬಸವಕಲ್ಯಾಣಕ್ಕೆ, ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ ರಾಜೇಶ್ವರ ದಾಟಿ ಸಸ್ತಾಪುರ ಬಂಗ್ಲಾದಲ್ಲಿ ಬಲಕ್ಕೆ ತಿರುಗಬೇಕು. ಹುಮನಾಬಾದಿನಿಂದ ಸುಮಾರು 30 ಕಿ.ಮೀ. ಊರಿನ ಹೊರಗೆ 108 ಅಡಿಯ ಬಸವಣ್ಣ ದೂರದಿಂದಲೇ ಕಾಣುತ್ತಾನೆ. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಹೊಸ ಅನುಭವ ಮಂಟಪ, ಶರಣರ ಗವಿಗಳು, ಬಂದವರ ಓಣಿ ಇವುಗಳ ಬಗ್ಗೆ ಬರೆದವರು ಬಹಳ ಮಂದಿ, ನಾನು ಮತ್ತೆ ಹೇಳಬೇಕಾದ್ದಿಲ್ಲ. ಕೋಟೆಗೆ ಮಾತ್ರ ಎರಡು ತಾಸು ಕೊಡಿ. ಚಾಲುಕ್ಯರ ತಳಹದಿ, ಬಹಮನಿಗಳ ಕಾಲದ ಗೋಡೆ, 1657ರಲ್ಲಿ ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬನ ಮುತ್ತಿಗೆ, ಕೊನೆಗೆ ನಿಜಾಮರ ಕೆಳಗಿನ ಕಲ್ಯಾಣಿ ನವಾಬರು. ಆ ನವಾಬರ ಹೈದರಾಬಾದಿನ ಹವೇಲಿಯಿಂದ ಹೆಸರು ಪಡೆದದ್ದು ಅಲ್ಲಿನ ಕಲ್ಯಾಣಿ ಬಿರಿಯಾನಿ. ಹೈದರಾಬಾದಿನಲ್ಲಿ ಅದನ್ನು ತಿನ್ನುವವರಿಗೆ ಈ ಊರು ಎಲ್ಲಿದೆ ಎಂದು ಗೊತ್ತಿರುವುದು ಕಷ್ಟ.

ಕಲ್ಯಾಣದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ನಾರಾಯಣಪುರಕ್ಕೆ ಸಂಜೆ ಹೋಗಿ. ಇಲ್ಲಿ ಮೊಬೈಲ್ ಮ್ಯಾಪ್ ಕೈಕೊಡಬಹುದು. ಬರೀ ‘ನಾರಾಯಣಪುರ’ ಎಂದು ಹಾಕಿದರೆ ಅದು ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರ ಅಣೆಕಟ್ಟಿನ ಕಡೆ ಕೈ ತೋರಿಸಿಬಿಡುತ್ತದೆ. ಆ ಜಲಾಶಯದ ಹೆಸರೂ ಬಸವಸಾಗರ. ಗೊಂದಲಕ್ಕೆ ಇನ್ನೇನು ಬೇಕು? ಬಸವಕಲ್ಯಾಣ ತಾಲ್ಲೂಕು ಎಂದು ಸೇರಿಸಿ ಹುಡುಕಿ, ಇಲ್ಲವೇ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿ. ರಾಜಧಾನಿಯಾಗಿದ್ದ ಕಲ್ಯಾಣದ ಪಟ್ಟಣದೊಳಗೆ ಚಾಲುಕ್ಯರ ಕಾಲದ ಪೂರ್ತಿ ಗುಡಿ ನೋಡಲು ಸಿಗುವುದು ಕಷ್ಟ, ಅದಕ್ಕೆ ಈ ಪುಟ್ಟ ಹಳ್ಳಿಗೇ ಬರಬೇಕು. ಇಲ್ಲಿನ ಶಿವಾಲಯದ ಗೋಡೆಯಲ್ಲೂ ಜಲಸಂಗಿಯ ಮದನಿಕೆಯರ ಒಡಹುಟ್ಟಿದವರಂಥ ಹೆಣ್ಣುರೂಪಗಳಿವೆ. ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ ನೋಡಿದರೆ ಹೋಲಿಸುವುದಕ್ಕೂ ಅನುಕೂಲ. ಗುಡಿ ನೋಡಿದ ಮೇಲೆ ಕಾರು ಅಲ್ಲೇ ಬಿಟ್ಟು ಹೊಲದ ದಾರಿಯಲ್ಲಿ ಸ್ವಲ್ಪ ನಡೆಯಿರಿ. ಹೊಲದವರು ಎದುರಾದರೆ ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಹೂ ನೋಡಲು ಬಂದೆವು ಎಂದರೆ ಒಂದು ಕ್ಷಣ ಅನುಮಾನದಿಂದ ನೋಡಿ, ಆಮೇಲೆ ಯಾವ ಬದುವಿನ ಮರ ಹೆಚ್ಚು ಅರಳಿದೆ ಎಂದು ಅವರೇ ಹೇಳುತ್ತಾರೆ. ಗುಡಿಗಳ ಮೇಲೆ ಇನ್ನೂ ಆಸೆಯಿದ್ದರೆ ಇದೇ ತಾಲ್ಲೂಕಿನ ಉಮಾಪುರದಲ್ಲಿ ಮಹಾದೇವನ ಗುಡಿಯಿದೆ.

ಮ್ಯಾಪಿನ ಮಾತು ಬಂದದ್ದಕ್ಕೆ ಇನ್ನೊಂದು. ಇಲ್ಲಿನ ಊರ ಫಲಕಗಳಲ್ಲಿ ಹೆಸರಿನ ಮುಂದೆ (ಬಿ), (ಕೆ) ಎಂದು ಇರುತ್ತದೆ. ಹಳ್ಳಿಖೇಡ (ಬಿ) ಬೇರೆ, ಹಳ್ಳಿಖೇಡ (ಕೆ) ಬೇರೆ. ನಿಜಾಮರ ಕಾಲದ ದಫ್ತರದ ಬುಜುರ್ಗ್, ಖುರ್ದ್ ಎಂಬ ದೊಡ್ಡ ಊರು, ಸಣ್ಣ ಊರು ಲೆಕ್ಕ ಅದು. ದಾರಿ ಕೇಳುವಾಗ ಆ ಒಂದಕ್ಷರ ಬಿಟ್ಟರೆ ಪೆಟ್ರೋಲು ದಂಡ.

ಮೂರನೇ ದಿನಕ್ಕೆ ಎರಡು ದಾರಿ. ಉತ್ತರಕ್ಕೆ ಹೋದರೆ ಹುಲಸೂರು, ಭಾಲ್ಕಿ, ಬೀದರ್. ಆ ದಾರಿಯ ಸೀಮೆಯಲ್ಲೇ 1948ರ ಮೇ ತಿಂಗಳಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದ ಗೋರ್ಟಾ (ಬಿ) ಇದೆ, ಹುತಾತ್ಮರ ಸ್ಮಾರಕವಿದೆ. ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರ ಹಿರೇಮಠ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ದಕ್ಷಿಣಕ್ಕೆ ಹೋದರೆ ಹುಮನಾಬಾದಿನಿಂದ ಚಿಟಗುಪ್ಪ ದಾಟಿ ಚಿಂಚೋಳಿ. 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮ, ಸುಮಾರು 134 ಚದರ ಕಿ.ಮೀ., ಬಯಲುಸೀಮೆಯ ನಡುವೆ ಇಂಥ ಕಾಡು ಇರಬಹುದೆಂದು ಹೊರಗಿನವರು ನಂಬುವುದಿಲ್ಲ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಳಲ್ಲಿ ಎಲೆ ಉದುರಿಸಿದ ಕಾಡು ನೋಡಲು ಇದೇ ಕಾಲ. ಬೆಂಕಿಯ ಭಯದ ಕಾಲವೂ ಇದೇ. ಒಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ, ಬೀಡಿ ಸಿಗರೇಟು ಹಚ್ಚುವ ಗೆಳೆಯರನ್ನು ಊರಲ್ಲೇ ಬಿಟ್ಟು ಬನ್ನಿ. ಹೂವಿಗಾಗಿ ಬಂದವರಿಗೆ ದಕ್ಷಿಣದ ದಾರಿ, ಊರಿಗಾಗಿ ಬಂದವರಿಗೆ ಉತ್ತರದ್ದು. ಎರಡೂ ಒಂದೇ ದಿನದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಎರಡೂ ಸಿಗುವುದಿಲ್ಲ.

ಕತ್ತಲಾದ ಮೇಲೆ ಕಾರು ಓಡಿಸಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಫೆಬ್ರುವರಿ, ಮಾರ್ಚ್ ಕಬ್ಬು ಸಾಗಿಸುವ ಕಾಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದು ಅಪರೂಪ. ಒಳರಸ್ತೆಗಳಲ್ಲಿ ಹಗಲು ಹೊತ್ತು ಒಕ್ಕಲು ಮಾಡಲು ತೆನೆ ಹರವಿರುತ್ತಾರೆ. ಅದರ ಮೇಲೆ ನಿಧಾನ ಹಾಯ್ದು ಹೋದರೆ ರೈತರಿಗೂ ಉಪಕಾರ, ಆದರೆ ಒಣಮೇವು ಕಾರಿನ ಅಡಿಗೆ ಸುತ್ತಿಕೊಂಡು ಬಿಸಿಯಾಗುತ್ತದೆ, ದಾಟಿದ ಮೇಲೆ ಇಳಿದು ನೋಡಿ. ಹೋಳಿಯ ಆಸುಪಾಸು ಬಂದರೆ ಲಂಬಾಣಿ ತಾಂಡಾಗಳ ಬಳಿ ಹೆಣ್ಣುಮಕ್ಕಳು ಲೇಂಗಿ ಹಾಡುತ್ತ ರಸ್ತೆಗೆ ಬಂದು ಗಾಡಿ ನಿಲ್ಲಿಸಿ ಇನಾಮು ಕೇಳುವುದುಂಟು. ಚಿಲ್ಲರೆ ಇಟ್ಟುಕೊಳ್ಳಿ, ಇಳಿದು ಹಾಡು ಕೇಳಿ. ಕಿಟಕಿ ಗಾಜು ಏರಿಸಿ ಹಾರ್ನ್ ಹೊಡೆಯುವವರು ಹೋಳಿ ಮುಗಿದ ಮೇಲೆ ಬರುವುದೇ ಒಳ್ಳೆಯದು.

ಇಷ್ಟಾದರೂ ನೆಲದ ಹೂವೇ ಬೇಕು ಎನ್ನುವವರು ಇದ್ದೇ ಇರುತ್ತಾರೆ. ಅವರು ಸೆಪ್ಟೆಂಬರ್ ಕೊನೆಗೆ, ಮಹಾಲಯದ ಆಸುಪಾಸು ಬರಲಿ. ಅಣ್ಣೆಯ ಬಿಳಿ ಗುಲಾಬಿ ತೆನೆ, ತಂಗಡಿಯ ಹಳದಿ, ಬೇಲಿಯ ಮೇಲೆ ಗೌರಿ ಹೂ. ಗಡಿಯಾಚೆ ತೆಲಂಗಾಣದಲ್ಲಿ ಬತುಕಮ್ಮ ಜೋಡಿಸುವುದು ಇದೇ ಅಣ್ಣೆ, ಇದೇ ತಂಗಡಿಯಿಂದ. ಸಾತಾರಾದ ಕಾಸ್ ಪಠಾರವೂ ಜಂಬಿಟ್ಟಿಗೆ, ಬೀದರ್ ಪ್ರಸ್ಥಭೂಮಿಯೂ ಜಂಬಿಟ್ಟಿಗೆ, ಹಾಗಾದರೆ ಇಲ್ಲೂ ಅಂಥ ಹೂವಿನ ಬಯಲು ಇರಬೇಕಲ್ಲ ಎಂದು ಕೇಳಬಹುದು. ಕಲ್ಲು ಒಂದೇ, ಮಳೆ ಒಂದಲ್ಲ. ಘಟ್ಟದ ನೆತ್ತಿಯ ಮಳೆಯಲ್ಲಿ ನಮಗೆ ಸಿಗುವುದು ಸಣ್ಣ ಪಾಲು. ಇಲ್ಲಿ ಹೂ ಅಲ್ಲಲ್ಲಿ, ಚೂರು ಚೂರು. ಕಾಸ್‌ಗೆ ಹೋಗಲು ಮುಂಗಡ ಟಿಕೆಟ್ ತೆಗೆಯಬೇಕು, ಇಲ್ಲಿ ಅದೊಂದು ಇಲ್ಲ. ಮತ್ತೆ, ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಎಕರೆಗಟ್ಟಲೆ ಬಿಳಿ ಹೂ ಕಂಡು ಮಕ್ಕಳನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಯುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಪಾಲು ಅದು ಕಾಂಗ್ರೆಸ್ ಕಸ. ಅಮೆರಿಕ ಖಂಡದಿಂದ ಬಂದು 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಹಬ್ಬಿದ ಪಾರ್ಥೇನಿಯಂ. ಮೈ ತುರಿಕೆ, ಸೀನು, ಉಬ್ಬಸ ಅದರ ಕಾಣಿಕೆ.

ವಸಂತದ ಪ್ರವಾಸಕ್ಕೆ 2027ರ ಲೆಕ್ಕ ಹೀಗಿದೆ. ಶಿವರಾತ್ರಿ ಮಾರ್ಚ್ 6, ಶನಿವಾರ. ಹೋಳಿ ಮಾರ್ಚ್ 22. ಯುಗಾದಿ ಏಪ್ರಿಲ್ 7. ಹೋಳಿಗೆ ಕಾದರೆ ಮುತ್ತುಗದ ಬಾಲ ಸಿಕ್ಕೀತು, ಯುಗಾದಿಗೆ ಕಾದರೆ ಅದೂ ಇಲ್ಲ. ಆ ವರ್ಷ ಶಿವರಾತ್ರಿಯ ವಾರವೇ ಸರಿ: ಶುಕ್ರವಾರ ಸಂಜೆ ಹುಮನಾಬಾದ್, ಶನಿವಾರ ಜಲಸಂಗಿ ಮತ್ತು ಕಲ್ಯಾಣ, ನಾರಾಯಣಪುರದ ಶಿವಾಲಯಕ್ಕೆ ಸಂಜೆ. ರೂಮಿಗೆ ಜನವರಿಯಲ್ಲೇ ಫೋನ್ ಮಾಡಿ, ಮೊಗ್ಗಿನ ಸುದ್ದಿಗೆ ಫೆಬ್ರುವರಿ 15 ಆದ ಮೇಲೆ.